ಅಜ್ಜನ ಪತ್ರದಲ್ಲಿ ಬರೀ ಕಂಬದ ಲೆಕ್ಕ. ಲಡಾಖಿನ ಲೈನ್ ಕ್ಯಾಂಪಲ್ಲಿ ಏನು ನಡೀತಿತ್ತು?

ಟ್ರಂಕ್ ತೆಗೆದವಳು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೈನ್ಯದಲ್ಲಿದ್ದವರು, ಟೆಲಿಫೋನ್ ಇಲಾಖೆಯಲ್ಲಿದ್ದವರು ಒಬ್ಬಿಬ್ಬರಾದರೂ ಇರ್ತೀರಿ ಅಂತ ನಂಬಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಜ್ಜ, ಅಂದರೆ ಅಮ್ಮನ ಅಪ್ಪ, ಸೈನ್ಯದ ಸಿಗ್ನಲ್ಸ್‌ನಲ್ಲಿದ್ದರು (ಫೋನು, ವೈರ್‌ಲೆಸ್ ನೋಡಿಕೊಳ್ಳೋ ವಿಭಾಗ). 1963ರಲ್ಲಿ ಸೇರಿದ್ದು. ಜಬಲ್ಪುರದಲ್ಲಿ ತರಬೇತಿ, ಆಮೇಲೆ ಲಡಾಖ್. ನಮಗೆ ಗೊತ್ತಿರೋದು ಇಷ್ಟೇ. ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಅವರ ಕಪ್ಪು ಟ್ರಂಕು ಇಳಿಸಿದೆವು. ಒಳಗೆ ಇಪ್ಪತ್ಮೂರು ಇನ್‌ಲ್ಯಾಂಡ್ ಪತ್ರ, ಒಂದು ಇಕ್ಕಳ, ಒಂದು ಬಿಳಿ ಪಿಂಗಾಣಿ ಕಪ್ಪು (ಕಾಫಿ ಕಪ್ಪಲ್ಲ, ತಂತಿ ಕಂಬದ ಮೇಲಿರುತ್ತಲ್ಲ, ಅದು), ಒಂದು ಫೋಟೊ. ಫೋಟೊದಲ್ಲಿ ಏಳು ಜನ, ಮೂರು ಟೆಂಟು, ಹಿಂದೆ ಬೋಳು ಬೆಟ್ಟ. ಒಬ್ಬರ ಮುಖವೂ ಸರಿಯಾಗಿ ಕಾಣಲ್ಲ, ಎಲ್ಲರೂ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದಾರೆ.

ಪತ್ರದಲ್ಲಾದರೂ ಏನಾದರೂ ಇರುತ್ತೆ ಅಂತ ಆಸೆಯಿಂದ ಓದಿದೆ. ಎಲ್ಲಾ ಒಂದೇ ಥರ. "ನಾನು ಕ್ಷೇಮ. ನೀವೆಲ್ಲ ಕ್ಷೇಮವೆಂದು ತಿಳಿದಿರುತ್ತೇನೆ. ಇಲ್ಲಿ ಚಳಿ ಇದೆ. ಇವತ್ತು 6 ಕಂಬ." ಇನ್ನೊಂದರಲ್ಲಿ 4 ಕಂಬ. ಮತ್ತೊಂದರಲ್ಲಿ "ಗಾಳಿ. 2 ಕಂಬ." ಅಜ್ಜಿ ಆಗ ಹೊಸ ಮದುವಣಗಿತ್ತಿ, ಅವರಿಗೆ ಬಂದ ಪತ್ರಗಳು ಇವು! ಕಂಬದ ಲೆಕ್ಕ ನನಗ್ಯಾಕೆ ಅಂತ ಅಜ್ಜಿ ಈಗಲೂ ಕೇಳ್ತಾರೆ.

ಅಜ್ಜನಿಗೆ ಕೆಲವು ವಿಚಿತ್ರ ಅಭ್ಯಾಸ ಇದ್ದವು. ಅದಕ್ಕೂ ಆ ಕ್ಯಾಂಪಿಗೂ ಸಂಬಂಧ ಇದೆಯಾ ಅಂತ ನನ್ನ ಅನುಮಾನ. ಮನೆ ಫೋನ್ ಎತ್ತಿದ ಕೂಡಲೇ ರಿಸೀವರನ್ನು ಅಂಗೈಗೆ ಎರಡು ಸಲ ಪಟ್ ಪಟ್ ಅಂತ ಬಡಿದು ಆಮೇಲೆ "ಹಲೋ" ಅನ್ನುತ್ತಿದ್ದರು. ಚಳಿಗಾಲದಲ್ಲಿ ಟಾರ್ಚಿನ ಸೆಲ್ ಬಿಚ್ಚಿ ಹಾಸಿಗೆಯೊಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಅಜ್ಜಿ ಅಗ್ಗಿಷ್ಟಿಕೆ ಕೋಣೆಗೆ ತಂದಿಟ್ಟರೆ ಮಾತೇ ಆಡದೆ ಎತ್ತಿ ಅಂಗಳಕ್ಕೆ ಇಡುತ್ತಿದ್ದರು, ಇದಕ್ಕೆ ಎಷ್ಟು ಜಗಳ ಆಗಿದೆಯೋ. ಬಟ್ಟೆ ಒಣಗಿಸೋ ಹಗ್ಗ ಕಟ್ಟಿದರೆ ಯಾವಾಗಲೂ ಜೋತುಬಿದ್ದಿರುತ್ತಿತ್ತು, ಅಜ್ಜಿಯ ಸೀರೆ ಅಂಚು ನೆಲ ಗುಡಿಸುತ್ತಿತ್ತು, ಆದರೂ ಬಿಗಿಯಾಗಿ ಕಟ್ಟುತ್ತಿರಲಿಲ್ಲ. ಅಜ್ಜಿ ಕೂಗಿದಾಗ ಓಗೊಡದಿದ್ದರೆ, ಆಮೇಲೆ "ಲೈನ್ ಡಿಸ್ ಆಗಿತ್ತು" ಅನ್ನುತ್ತಿದ್ದರು. ಡಿಸ್ ಅಂದರೆ ಏನು ಅಂತ ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಲ್ಲಿ ದಿನಾ ಏನು ಮಾಡ್ತಿದ್ರು? ಕಂಬ ನೆಡೋದು ಅಷ್ಟು ಕಷ್ಟದ ಕೆಲಸಾನಾ?

---

ಡಿಟ್ ಹವಲ್ದಾರ್ (ನಿವೃತ್ತ):

ನೋಡಮ್ಮ, ನಿಮ್ಮ ಪೋಸ್ಟ್ ಓದಿ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನೂ ಸಿಗ್ನಲ್ಸ್‌ನವನೇ, ಲೈನ್‌ಮನ್. ಸೇರಿದ್ದು 1979ರಲ್ಲಿ, ನಿಮ್ಮಜ್ಜನಿಗಿಂತ ಬಹಳ ಕಿರಿಯ. ಆದರೆ ಅಭ್ಯಾಸ ಎಲ್ಲ ಅವೇ. ನಾನೂ ಮೊನ್ನೆ ಮೊನ್ನೆವರೆಗೂ ಫೋನ್ ಬಡೀತಿದ್ದೆ, ಈಗ ಮೊಬೈಲ್ ಬಡಿದರೆ ಹೆಂಡತಿ ಬಡೀತಾಳೆ ಅಂತ ಬಿಟ್ಟೆ.

ಮೊದಲು ಅದನ್ನೇ ಹೇಳ್ತೀನಿ. ಹಳೇ ಫೋನಿನ ಮಾತಾಡೋ ಕಡೆ ಒಂದು ಸಣ್ಣ ಡಬ್ಬಿ, ಅದರೊಳಗೆ ಇದ್ದಿಲಿನ ಸಣ್ಣ ಸಣ್ಣ ಕಾಳು. ನೀವು ಮಾತಾಡಿದಾಗ ತೆಳು ತಗಡು ಅದುರಿ ಕಾಳನ್ನು ಒತ್ತುತ್ತದೆ, ಕರೆಂಟು ಹೆಚ್ಚುಕಡಿಮೆ ಆಗ್ತದೆ, ಅದೇ ಆ ಕಡೆ ದನಿಯಾಗಿ ಕೇಳ್ತದೆ. ಉಸಿರಿನ ತೇವ ಒಳಗೆ ಹೋದರೆ ಕಾಳು ಅಂಟಿಕೊಂಡು ಮುದ್ದೆ ಆಗ್ತದೆ. ಚಳಿಯಲ್ಲಿ ಆ ತೇವ ಹೆಪ್ಪುಗಟ್ಟಿದರೆ ಕೇಳೋದೇ ಬೇಡ. ಆಗ ಅಂಗೈಗೆ ಎರಡು ಪೆಟ್ಟು. ಕಾಳು ಬಿಡಿಸಿಕೊಂಡು ದನಿ ಬರ್ತದೆ. ಬಡೀದೆ ಮಾತಾಡಿದರೆ ಆ ಕಡೆಯವನು ಬಾವಿಯೊಳಗಿಂದ ಬಂದ ಹಾಗಿದೆ ಅಂತ ಬೈತಾನೆ.

ಸೆಲ್ಲೂ ಅಷ್ಟೇ. ಫೀಲ್ಡ್ ಟೆಲಿಫೋನಿಗೆ ಟಾರ್ಚಿನ ಥರದ ಎರಡು ಸೆಲ್ಲು, ಒಟ್ಟು ಮೂರು ವೋಲ್ಟ್. ಮೈನಸ್ ಇಪ್ಪತ್ತರಲ್ಲಿ ಅವು ಸತ್ತ ಹಾಗೆ. ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆ ಹತ್ತಿರ ಇಟ್ಟುಕೊಂಡು ಮಲಗಿ ಬೆಳಿಗ್ಗೆ ಹಾಕಿದರೆ ಜೀವ ಬಂದಿರ್ತದೆ. ಹೊಟ್ಟೆಗೆ ಸೆಲ್ಲು ಒತ್ತುತ್ತೆ, ಒಂದು ಕಡೆ ಮಗ್ಗುಲಾದರೆ ಇಕ್ಕಳ ಒತ್ತುತ್ತೆ, ಅದೇ ನಿದ್ದೆ. ಇಕ್ಕಳ ಯಾಕೆ ಒಳಗೆ ಅಂತೀರಾ? ಬೆಳಗಿನ ಚಳಿಯಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರ್ತದೆ. ನಿಮ್ಮ ಟ್ರಂಕಿನ ಇಕ್ಕಳದ ಹಿಡಿ ನೋಡಿ, ಬಟ್ಟೆನೋ ಟೇಪೋ ಸುತ್ತಿರಬೇಕು. ಅಥವಾ ಸುತ್ತಿದ ಅಂಟಾದರೂ ಉಳಿದಿರಬೇಕು.

ಕಂಬ ನೆಡೋದು ಕಷ್ಟಾನಾ ಅಂದ್ರಿ. ಲಡಾಖಿನಲ್ಲಿ ಮರ ಇಲ್ಲ. ಹಳ್ಳಿ ಹತ್ತಿರ, ತೊರೆ ಪಕ್ಕ ನಾಲ್ಕು ಪಾಪ್ಲರು ಬಿಟ್ಟರೆ ಬರೀ ಕಲ್ಲು. ಹಾಗಾಗಿ ಕಂಬವೂ ಕೆಳಗಿಂದಲೇ ಬರಬೇಕು, ಲಾರಿಯಲ್ಲಿ. ಲಾರಿ ನಿಂತ ಕಡೆಯಿಂದ ಹೇಸರಗತ್ತೆ ಬೆನ್ನಿಗೆ, ಹೇಸರಗತ್ತೆ ನಿಂತಲ್ಲಿಂದ ನಮ್ಮ ಬೆನ್ನಿಗೆ. ಆಮೇಲೆ ನೆಲ. ಬೇಸಿಗೆಯಲ್ಲಿ ಮೇಲೊಂದು ಅಡಿ ಸಡಿಲ ಜಲ್ಲಿ, ಅದರ ಕೆಳಗೆ ಹಾರೆ ಹಾಕಿದರೆ ಕಿಡಿ ಹಾರುತ್ತೆ. ಅಕ್ಟೋಬರ್ ಕಳೆದರೆ ಅದೂ ಹೆಪ್ಪುಗಟ್ಟಿರ್ತದೆ. ನಾಲ್ಕಡಿ ಗುಂಡಿ ಬೇಕು, ಎರಡಡಿಗೆ ಉಸಿರು ಹೋಗ್ತದೆ. ಆಗ ಏನು ಮಾಡ್ತೀವಿ ಅಂದರೆ, ಇದ್ದಷ್ಟು ಗುಂಡಿಗೆ ಕಂಬ ಇಳಿಸಿ ಸುತ್ತ ಸೊಂಟದೆತ್ತರ ಕಲ್ಲು ಪೇರಿಸಿ ಕಂಬ ವಾಲದ ಹಾಗೆ ಸ್ಟೇ ವೈರ್ ಅಂತ ಓರೆಯಾಗಿ ತಂತಿ ಎಳೆದು ಕಟ್ಟೋದು. ಬಂಡೆ ಮೇಲಾದರೆ ಬರೀ ಕಲ್ಲಿನ ಗುಡ್ಡೆಯೇ ಗತಿ. ಆ ಎತ್ತರದಲ್ಲಿ ಹತ್ತು ಸಲ ಹಾರೆ ಎತ್ತಿದರೆ ಹನ್ನೊಂದನೇ ಸಲಕ್ಕೆ ಕಣ್ಣು ಕತ್ತಲೆ ಬರ್ತದೆ. ಇಬ್ಬರು ಸರದಿ ಮೇಲೆ ಅಗೀತೀವಿ. ದಿನಕ್ಕೆ ಆರು ಕಂಬ ಅಂದರೆ ನಿಮ್ಮಜ್ಜ ಬಡಾಯಿ ಕೊಚ್ಚಿಕೊಂಡಿದ್ದಾರೆ ಅಂತಲೇ ಅರ್ಥ, ಅಜ್ಜಿಗೆ ಹೇಳಿ.

ಅಗ್ಗಿಷ್ಟಿಕೆ ವಿಷಯ ಮಾತ್ರ ತಮಾಷೆ ಅಲ್ಲ. ಟೆಂಟಿನಲ್ಲಿ ಬುಖಾರಿ ಅಂತ ಸೀಮೆಎಣ್ಣೆ ಒಲೆ ಇರ್ತದೆ, ಹೊಗೆ ಕೊಳವೆ ಮೇಲೆ ಹೋಗಿರ್ತದೆ. ಎಣ್ಣೆ ಕಮ್ಮಿ ಇದ್ದಾಗ ಕೆಲವರು ತಗಡಿನ ಡಬ್ಬದಲ್ಲಿ ಇದ್ದಿಲು ಹಾಕಿ ಒಳಗೆ ಇಟ್ಟುಕೊಳ್ತಿದ್ರು. ಗಾಳಿ ಬರಬಾರದು ಅಂತ ಟೆಂಟಿನ ಬಾಯಿ ಗಟ್ಟಿಯಾಗಿ ಕಟ್ಟಿರ್ತಾರೆ. ಇದ್ದಿಲಿನಿಂದ ಬರೋ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳಲ್ಲ. ನಮ್ಮ ಕಾಲಕ್ಕೆ ರಾತ್ರಿ ಬೆಂಕಿ ಆರಿಸಿದ್ದಾರಾ ಅಂತ ನೋಡೋಕೆ ಪಹರೆಯವನಿಗೆ ಕಟ್ಟುನಿಟ್ಟಿನ ಹುಕುಂ ಇತ್ತು. ಅಂಥ ಹುಕುಂ ಸುಮ್ನೆ ಬಂದಿರಲ್ಲ. ನಿಮ್ಮಜ್ಜ ಮಾತಾಡದೆ ಎತ್ತಿ ಹೊರಗಿಟ್ಟರು ಅಂದರಲ್ಲ, ಅವರು ಏನೋ ಕಂಡಿರಬೇಕು.

ಡಿಸ್ ಅಂದರೆ ಡಿಸ್‌ಕನೆಕ್ಷನ್. ತಂತಿ ಎಲ್ಲೋ ತುಂಡಾಗಿದೆ ಅಂತ. ತಂತಿ ನೆಲಕ್ಕೆ ತಾಗಿದರೆ ಅರ್ತ್, ಒಂದಕ್ಕೊಂದು ತಾಗಿದರೆ ಕಾಂಟ್ಯಾಕ್ಟ್. ಈ ಮೂರರಲ್ಲೇ ನಮ್ಮ ಜೀವನ ಮುಗೀತು.

---

ರೇಡಿಯೊ ಹುಚ್ಚ:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 1960ರ ದಶಕಕ್ಕೆ ವೈರ್‌ಲೆಸ್ ಚೆನ್ನಾಗೇ ಇತ್ತಲ್ಲ? ಎರಡನೇ ಮಹಾಯುದ್ಧದಲ್ಲೇ ಬೆನ್ನಿಗೆ ಕಟ್ಟಿಕೊಂಡು ಓಡಾಡ್ತಿದ್ರು. ಹಾಗಿರುವಾಗ ಕಲ್ಲುಬೆಟ್ಟದ ಮೇಲೆ ಇಷ್ಟು ಕಷ್ಟಪಟ್ಟು ಕಂಬ ಯಾಕೆ? ನನಗೆ ಇದು ಸರ್ಕಾರಿ ದುಂದುವೆಚ್ಚದ ಥರ ಕಾಣ್ತಿದೆ.

---

ಹಳೇ ಟೆಲಿಫೋನಿನವ:

ಹುಚ್ಚ ಅವರೇ, ವೈರ್‌ಲೆಸ್‌ನಲ್ಲಿ ಮಾತಾಡಿದರೆ ನಿಮ್ಮವರಿಗೆ ಕೇಳಿಸಿದ್ದು ಬೆಟ್ಟದ ಆ ಕಡೆಯವರಿಗೂ ಕೇಳಿಸುತ್ತೆ. ಎಲ್ಲಿಂದ ಮಾತಾಡ್ತಿದ್ದೀರಿ ಅಂತ ದಿಕ್ಕೂ ಹಿಡೀತಾರೆ. ತಂತಿ ಆದರೆ ಕದ್ದು ಕೇಳೋಕೆ ತಂತಿ ಹತ್ತಿರವೇ ಬರಬೇಕು. ಇನ್ನೊಂದು, ಬೆಟ್ಟ ಅಡ್ಡ ಬಂದರೆ ಸಣ್ಣ ಸೆಟ್ಟುಗಳ ಅಲೆ ಅಲ್ಲೇ ನಿಲ್ಲುತ್ತೆ. ತಂತಿ ಕಣಿವೆ ಇಳಿದು ಹತ್ತಿ ಹೋಗುತ್ತೆ. ಸೆಟ್ಟಿಗೆ ದೊಡ್ಡ ಬ್ಯಾಟರಿ ಬೇಕು, ಅದನ್ನು ಚಾರ್ಜ್ ಮಾಡೋಕೆ ಎಂಜಿನ್ ಬೇಕು, ಎಂಜಿನ್‌ಗೆ ಪೆಟ್ರೋಲ್ ಬೇಕು. ಫೋನಿಗೆ ಮೇಲೆ ಹೇಳಿದ ಹಾಗೆ ಎರಡು ಸೆಲ್ಲು ಮತ್ತು ತಿರುಗಿಸೋಕೆ ಒಂದು ಹಿಡಿ ಸಾಕು. ದುಂದುವೆಚ್ಚ ಅಂತ ನನಗೇನೂ ಅನ್ನಿಸಲ್ಲ. ಎರಡೂ ಬೇಕು, ಒಂದು ಕೆಟ್ಟರೆ ಇನ್ನೊಂದು.

ಇನ್ನು ತಂಗಿ ಕೇಳಿದ್ದಕ್ಕೆ. ನಾನು ಸೈನ್ಯದವನಲ್ಲ. ಅಂಚೆ ತಂತಿ ಇಲಾಖೆ ಇದ್ದಾಗ ಸೇರಿ ಮೂವತ್ತನಾಲ್ಕು ವರ್ಷ ಲೈನ್ ಕೆಲಸ ಮಾಡಿದೆ, ಬಯಲುಸೀಮೆ ಬಿಸಿಲಲ್ಲಿ. ಹಾಗಾಗಿ ಚಳಿ ಬಗ್ಗೆ ಮಾತಾಡಲ್ಲ. ಆದರೆ ಬಟ್ಟೆ ಹಗ್ಗದ ವಿಷಯ ನನ್ನದು! ಅದನ್ನು ಹವಲ್ದಾರ್ ಸಾಹೇಬರು ಬಿಟ್ಟಿದ್ದಾರೆ, ನನಗೆ ಖುಷಿ.

ತಂತಿ ಎಳೆಯೋದು ಒಂದು ವಿದ್ಯೆ. ಹೊಸಬ ಬಂದರೆ ವೀಣೆ ತಂತಿ ಥರ ಬಿಗೀತಾನೆ, ನೋಡೋಕೆ ಚೆನ್ನಾಗಿರುತ್ತೆ ಅಂತ. ಮೇಸ್ತ್ರಿ ಬಂದು ಬೈದು ಸಡಿಲ ಮಾಡಿಸ್ತಾನೆ. ಯಾಕೆಂದರೆ ತಂತಿ ಬಿಸಿಲಿಗೆ ಉದ್ದ ಆಗುತ್ತೆ, ಚಳಿಗೆ ಕುಗ್ಗುತ್ತೆ. ಲೆಕ್ಕ ಹೇಳ್ತೀನಿ ನೋಡಿ. ಎರಡು ಕಂಬದ ನಡುವೆ 60 ಮೀಟರ್ ಅಂತ ಇಟ್ಟುಕೊಳ್ಳಿ, ತಾಮ್ರದ ತಂತಿ. ಬೇಸಿಗೆ ಮಧ್ಯಾಹ್ನ ಎಳೆದದ್ದು, ಚಳಿಗಾಲದ ರಾತ್ರಿಗೆ 50 ಡಿಗ್ರಿ ಇಳೀತು. ಸುಮಾರು 5 ಸೆಂಟಿಮೀಟರ್ ಕುಗ್ಗುತ್ತೆ. ಐದು ಸೆಂಟಿಮೀಟರ್ ತಾನೇ ಅಂತ ನಗಬೇಡಿ. ಆ ತಂತಿ ನಡುವಲ್ಲಿ ಅರ್ಧ ಮೀಟರ್ ಜೋತುಬಿದ್ದಿದ್ದರೂ ಅದರಲ್ಲಿರೋ ಹೆಚ್ಚುವರಿ ಉದ್ದ ಬರೀ 1 ಸೆಂಟಿಮೀಟರ್ ಚಿಲ್ಲರೆ. ಅಷ್ಟೇ! ಐದು ಕುಗ್ಗೋಕೆ ಇರೋದು ಒಂದು. ಉಳಿದದ್ದಕ್ಕೆ ತಂತಿ ಹಿಗ್ಗಬೇಕು, ಇಲ್ಲಾ ಜಾಯಿಂಟಲ್ಲಿ ಕಿತ್ತುಕೊಳ್ಳಬೇಕು, ಇಲ್ಲಾ ಕಂಬ ವಾಲಬೇಕು. ನಮ್ಮ ಬಯಲುಸೀಮೆಯಲ್ಲಿ ಅಷ್ಟೊಂದು ವ್ಯತ್ಯಾಸ ಬರಲ್ಲ, ನಡೆದುಹೋಗುತ್ತೆ. ಲಡಾಖಿನಲ್ಲಿ ಮಧ್ಯಾಹ್ನ ಒಂದು ಮೀಟರ್ ಜೋತಾಡೋ ಹಾಗೆ ಬಿಟ್ಟರೇನೇ ಜನವರಿಗೆ ಉಳಿಯೋದು. ಅದಕ್ಕೆ ಪಟ್ಟಿಯೇ ಇರುತ್ತೆ, ಇಷ್ಟು ಡಿಗ್ರಿ ಇದ್ದರೆ ಇಷ್ಟು ಸ್ಯಾಗ್ ಬಿಡು ಅಂತ. ಥರ್ಮಾಮೀಟರ್ ನೋಡಿಕೊಂಡು ಎಳೀಬೇಕು. ನಿಮ್ಮಜ್ಜ ನೈಲಾನ್ ಹಗ್ಗಕ್ಕೂ ಅದೇ ಮಾಡಿದ್ದಾರೆ, ಕೈ ಕೇಳಬೇಕಲ್ಲ.

ಆ ಕಂಬಗಳ ಬಗ್ಗೆ ಒಂದು ಮಾತು. ಬೆಟ್ಟಕ್ಕೆ ಹೊತ್ತುಕೊಂಡು ಹೋಗೋ ಕಡೆಗೆಲ್ಲ ಹ್ಯಾಮಿಲ್ಟನ್ ಕಂಬ ಅನುಕೂಲ. ಉದ್ದದ ಒಂದೇ ಕಂಬ ಅಲ್ಲ, ಕಬ್ಬಿಣದ ಕೊಳವೆ ತುಂಡುಗಳು. ಒಂದರ ತುದಿ ಇನ್ನೊಂದರೊಳಗೆ ಕೂತು ಬಿಗಿಯಾಗುತ್ತೆ. ಬಿಡಿಬಿಡಿಯಾಗಿ ಹೊರಬಹುದು. ಫೋಟೊದಲ್ಲಿ ಕಂಬ ಇದ್ದರೆ ನೋಡಿ, ಮೇಲೆ ಹೋಗ್ತಾ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಆಗಿದ್ದರೆ ಅದೇ.

ಮತ್ತೆ ಎರಡು ತಂತಿ ಒಂದೇ ಸಮನೆ ಹೋಗಲ್ಲ, ಕೆಲವು ಕಂಬಕ್ಕೊಮ್ಮೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಗುತ್ತೆ. ಇಲ್ಲದಿದ್ದರೆ ಪಕ್ಕದ ಜೋಡಿಯ ಮಾತು ನಿಮ್ಮ ಕಿವಿಗೆ ಬರುತ್ತೆ. ಅಷ್ಟು ಕಷ್ಟಪಡೋ ಬದಲು ಒಂದೇ ತಂತಿ ಹಾಕಿ, ಇನ್ನೊಂದರ ಬದಲು ಭೂಮಿಯನ್ನೇ ಬಳಸಬಹುದಲ್ಲ ಅಂದರೆ, ಹೌದು, ಬಳಸುತ್ತಿದ್ದರು. ಆದರೆ ಮೊದಲ ಮಹಾಯುದ್ಧದಲ್ಲಿ ಹಾಗೆ ಭೂಮಿಗೆ ಬಿಟ್ಟ ಮಾತನ್ನು ಎದುರಿನ ಕಂದಕದವರು ನೆಲಕ್ಕೆ ಗೂಟ ಹೊಡೆದು ಕೇಳಿಸಿಕೊಂಡರು. ಲಡಾಖಿನ ಒಣ ಕಲ್ಲುನೆಲದಲ್ಲಿ ಭೂಮಿಯ ಸಂಪರ್ಕ ಸರಿಯಾಗಿ ಸಿಗೋದೂ ಇಲ್ಲ.

---

ಫೌಜಿ ಮನೆಯಾಕೆ:

ತಂತಿ ಬಗ್ಗೆ ನನಗೆ ಗೊತ್ತಿಲ್ಲ. ಪತ್ರದ ಬಗ್ಗೆ ಹೇಳ್ತೀನಿ. ನಮ್ಮೆಜಮಾನರೂ ಸೈನ್ಯದಲ್ಲಿದ್ದವರೇ.

ವಿಳಾಸದಲ್ಲಿ ಊರೇ ಇರಲ್ಲ ಅಲ್ವಾ? ನಂಬರು, ಹೆಸರು, ಯೂನಿಟ್ಟು, ಕೊನೆಗೆ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಅವರು ಲೇಹ್‌ನಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ಹೊಸದಾಗಿ ಮದುವೆಯಾದಾಗ 56 ಎಪಿಒ ಅಂದರೆ ಒಂದು ಊರು ಅಂದುಕೊಂಡಿದ್ದೆ, ನಗಬೇಡಿ. ಪತ್ರದಲ್ಲಿ ಜಾಗ, ಎಷ್ಟು ಜನ, ಏನು ಕೆಲಸ ಇದೆಲ್ಲ ಬರೆಯೋ ಹಾಗಿಲ್ಲ. ಹಾಗಾಗಿ ಎಲ್ಲರ ಪತ್ರವೂ ಕ್ಷೇಮ, ಚಳಿ, ಊಟ ಆಯ್ತು, ಇಷ್ಟೇ. ನಿಮ್ಮಜ್ಜ ಕಂಬದ ಲೆಕ್ಕ ಬರೆದಿದ್ದೇ ಹೆಚ್ಚು. ನಿಜ ಹೇಳಬೇಕೆಂದರೆ ಅದನ್ನೂ ಬರೆಯೋ ಹಾಗಿರಲಿಲ್ಲವೇನೋ. ಹೆಂಡತಿಗೆ ಏನಾದರೂ ಹೇಳಬೇಕು, ಹೇಳೋಕೆ ಅಲ್ಲಿ ಇರೋದು ಕಂಬ ಒಂದೇ.

ಎಲ್ಲಿದ್ದರು ಅಂತ ತಿಳಿಯೋಕೆ ಒಂದು ದಾರಿ ಇದೆ. ಇನ್‌ಲ್ಯಾಂಡಿನ ಮೇಲೆ ಗುಂಡಗಿನ ಮೊಹರು ನೋಡಿ, ಎಫ್‌ಪಿಒ ಅಂತ ಇದ್ದು ಪಕ್ಕದಲ್ಲಿ ನಂಬರು ಇರುತ್ತೆ. ಅದು ಆ ಫೀಲ್ಡ್ ಪೋಸ್ಟಾಫೀಸಿನ ನಂಬರು. ಯಾವ ವರ್ಷ ಯಾವ ನಂಬರು ಎಲ್ಲಿತ್ತು ಅಂತ ಅಂಚೆ ಮೊಹರು ಸಂಗ್ರಹಿಸೋರಿಗೆ ಗೊತ್ತಿರುತ್ತೆ. ಇನ್ನೊಂದು, ಅಜ್ಜನ ಆರ್ಮಿ ನಂಬರ್ ಇದ್ದರೆ ಅಜ್ಜಿಯ ಸಹಿ ಹಾಕಿಸಿ ಜಬಲ್ಪುರದ ಸಿಗ್ನಲ್ಸ್ ರೆಕಾರ್ಡ್ಸ್‌ಗೆ ಬರೀರಿ. ಉತ್ತರ ನಿಧಾನ, ಆದರೆ ಬರುತ್ತೆ.

ಅಂದಹಾಗೆ ಕಾಶ್ಮೀರದಿಂದ ಲಡಾಖಿಗೆ ಹೋಗೋ ದಾರಿಯ ಜೋಜಿಲಾ ಕಣಿವೆದಾರಿ ಚಳಿಗಾಲದಲ್ಲಿ ಮುಚ್ಚಿಹೋಗುತ್ತಿತ್ತು. ಅದೇ ಜೋಜಿಲಾ, ನಮ್ಮ ಕೊಡಗಿನ ತಿಮ್ಮಯ್ಯನವರು 1948ರ ನವೆಂಬರ್ 1ಕ್ಕೆ ಟ್ಯಾಂಕ್ ಹತ್ತಿಸಿದ್ದು. ರಸ್ತೆ ಮುಚ್ಚಿದರೆ ಟಪಾಲು ವಿಮಾನದಲ್ಲೇ ಬರಬೇಕು, ಮೋಡ ಕವಿದರೆ ವಿಮಾನ ಇಲ್ಲ. ಒಂದು ತಿಂಗಳು ಏನೂ ಇಲ್ಲ, ಆಮೇಲೆ ಒಂದೇ ದಿನ ನಾಲ್ಕು ಪತ್ರ. ತಾರೀಖು ನೋಡಿ ಜೋಡಿಸಿಕೊಂಡು ಓದಬೇಕಿತ್ತು.

---

ಟ್ರಂಕ್ ತೆಗೆದವಳು:

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಅಜ್ಜಿಗೆ ಓದಿ ಹೇಳಿದೆ. ಹಗ್ಗದ ಭಾಗ ಎರಡು ಸಲ ಓದಿಸಿಕೊಂಡರು. "ನೈಲಾನ್ ಹಗ್ಗ ಎಲ್ಲಾದರೂ ಚಳಿಗೆ ತುಂಡಾಗುತ್ತಾ" ಅಂತ ಅವರ ವಾದ. ಟೆಲಿಫೋನಿನವರೇ, ನೀವೇ ಬಂದು ಒಪ್ಪಿಸಬೇಕು.

ಇಕ್ಕಳ ನೋಡಿದೆ ಸರ್. ಎರಡೂ ಹಿಡಿಗೆ ಕಪ್ಪು ಟೇಪು. ಅದರ ಕೆಳಗೆ ಬಟ್ಟೆ, ಒಂದು ಕಡೆ ಹರಿದು ಆಲಿವ್ ಬಣ್ಣ ಕಾಣುತ್ತೆ.

ಮೊಹರಿನಲ್ಲಿ ಎಫ್‌ಪಿಒ ನಂಬರು ಇದೆ, ಒಂಬತ್ತರಲ್ಲಿ ಸ್ಪಷ್ಟವಾಗಿ ಓದಬಹುದು. ಮೇಡಂ ಹೇಳಿದ ಹಾಗೆ ತಾರೀಖಿನ ಪ್ರಕಾರ ಜೋಡಿಸಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. 1966ರ ಸೆಪ್ಟೆಂಬರಿನ ಒಂದು ಪತ್ರದಲ್ಲಿ ಹೀಗಿದೆ: "ಇವತ್ತು ಕಂಬ ಇಲ್ಲ. ಇಬ್ಬರು ಕೆಳಗೆ ಹೋದರು." ನಾವು ಇಷ್ಟು ದಿನ ರಜೆ ಮೇಲೆ ಹೋದರು ಅಂತಲೇ ಅಂದುಕೊಂಡಿದ್ದೆವು. ಆದರೆ ಇಬ್ಬರು ರಜೆಗೆ ಹೋದರೆ ಕೆಲಸ ಯಾಕೆ ನಿಲ್ಲಿಸಬೇಕು?

---

ಡಿಟ್ ಹವಲ್ದಾರ್ (ನಿವೃತ್ತ):

ರಜೆ ಅಲ್ಲ ಅಮ್ಮ. ರಜೆಗೆ ಹೋದರೆ "ಛುಟ್ಟಿ" ಅಂತಾರೆ. ಕೆಳಗೆ ಹೋದರು ಅಂದರೆ ಕಾಯಿಲೆಯಾಗಿ ಕೆಳಗಿಳಿಸಿದರು ಅಂತ.

ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಮೊದಲು ತಲೆನೋವು, ಊಟ ಸೇರಲ್ಲ. ಎಲ್ಲರಿಗೂ ಇರೋದೇ ಅಂತ ಬಿಡ್ತಾರೆ. ಎರಡನೇ ರಾತ್ರಿ ಕೆಮ್ಮು. ಮಲಗಿದವನ ಎದೆಯಲ್ಲಿ ಗೊರಗೊರ ಸದ್ದು, ಹುಕ್ಕಾ ಎಳೆದ ಹಾಗೆ. ತುಟಿ ನೀಲಿ. ಆಗ ಇರೋ ದೊಡ್ಡ ಮದ್ದು ಒಂದೇ, ಕೆಳಗೆ ಇಳಿಸೋದು. ಬೆಳಗಾಗಲಿ ಅಂತ ಕಾದರೆ ಕೆಲವೊಮ್ಮೆ ಬೆಳಗಾಗಲ್ಲ. 1962ರಲ್ಲಿ ಬಯಲುಸೀಮೆಯಿಂದ ನೇರ ಮೇಲೆ ಕಳಿಸಿದವರಲ್ಲಿ ಎಷ್ಟೋ ಜನ ಇದಕ್ಕೇ ಸಿಕ್ಕಿದರು. ನಮ್ಮ ಕಾಲಕ್ಕೆ ನಿಯಮ ಬಿಗಿ ಇತ್ತು. ಮೊದಲ ಹಂತ ಆರು ದಿನ, ಅದರ ಮೇಲೆ ನಾಲ್ಕು, ಅದಕ್ಕೂ ಮೇಲೆ ಇನ್ನೂ ನಾಲ್ಕು. ಮೊದಲೆರಡು ದಿನ ಸುಮ್ನೆ ಮಲಗಿರಬೇಕು. ಹುಡುಗರಿಗೆ ಅದೇ ಕಷ್ಟ, ವಾಲಿಬಾಲ್ ಆಡೋಣ ಅಂತಾರೆ.

ಏಳು ಜನರ ಪಾರ್ಟಿಯಲ್ಲಿ ಇಬ್ಬರು ಬಿದ್ದರೆ ನಾಲ್ವರಾದರೂ ಹೊರಬೇಕು. ಉಳಿದವನು ಕ್ಯಾಂಪ್ ಕಾಯಬೇಕು. ಇನ್ನು ಕಂಬ ಯಾರು ನೆಡ್ತಾರೆ? ಲೆಕ್ಕ ಸರಿಯಾಗೇ ಇದೆ.

ಆ ಕ್ಯಾಂಪಿನ ದಿನ ಹೇಗಿರ್ತಿತ್ತು ಅಂತ ಕೇಳಿದ್ರಿ, ಅದನ್ನೂ ಹೇಳಿಬಿಡ್ತೀನಿ. ಬೆಳಿಗ್ಗೆ ಎದ್ದರೆ ಟೆಂಟಿನ ಒಳಮೈಗೆ ನಮ್ಮದೇ ಉಸಿರು ಮಂಜಾಗಿ ಅಂಟಿರುತ್ತೆ, ತಲೆ ತಾಗಿದರೆ ಕತ್ತಿನೊಳಗೆ ಉದುರುತ್ತೆ. ನೀರಿಗೆ ತೊರೆ ಮೇಲಿನ ಮಂಜುಗಡ್ಡೆ ಒಡೀಬೇಕು. ತೊರೆ ಇಲ್ಲದ ಕಡೆ ಹಿಮ ಕರಗಿಸಬೇಕು, ಒಂದು ಪಾತ್ರೆ ತುಂಬ ಹಿಮ ಹಾಕಿದರೆ ಸಿಗೋದು ತಳದಲ್ಲಿ ನಾಲ್ಕು ಬೆರಳು ನೀರು. ಅನ್ನ ಬೇಯಲ್ಲ. ನೀರು 85 ಡಿಗ್ರಿಗೇ ಕುದ್ದುಬಿಡುತ್ತೆ, ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಹೊರಗೆ ಗಂಜಿ, ಒಳಗೆ ಅಕ್ಕಿ. ಲಂಗರಿನವನು, ಅಂದರೆ ಅಡುಗೆಯವನು, ಗಢವಾಲಿ, ಅವನಿಗೆ ರೊಟ್ಟಿ ಬಿಟ್ಟರೆ ಬೇರೆ ಗೊತ್ತಿಲ್ಲ, ನಮಗೆ ಅನ್ನ ಇಲ್ಲದೆ ಆಗಲ್ಲ. ಈ ಜಗಳ ನನ್ನ ಸರ್ವೀಸು ಮುಗಿಯೋವರೆಗೂ ಮುಗಿಯಲಿಲ್ಲ. ಡಬ್ಬಿ ಹಾಲು, ಒಣಗಿಸಿದ ತರಕಾರಿ, ವಾರಕ್ಕೆ ಕೆಲವು ಸಲ ರಮ್ಮು. ಮಧ್ಯಾಹ್ನದ ನಂತರ ಗಾಳಿ ಏಳುತ್ತೆ, ಆಮೇಲೆ ಕಂಬ ಹತ್ತೋ ಹಾಗಿಲ್ಲ. ಹಾಗಾಗಿ ಕೆಲಸ ಎಲ್ಲ ಬೆಳಗ್ಗೆಯೇ.

ಒಂದು ಸಲ ನಾನು ಕಂಬದ ಮೇಲಿದ್ದೆ. ಗ್ಲೌಸ್ ಹಾಕಿಕೊಂಡು ಸಣ್ಣ ತಂತಿ ಸುತ್ತೋಕಾಗಲ್ಲ, ತೆಗೆದು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಎರಡೂ ಕೈಯಲ್ಲಿ ಎರಡು ತಂತಿ. ಎಂಟು ಕಿಲೋಮೀಟರ್ ಆಚೆ ಎಕ್ಸ್‌ಚೇಂಜಿನ ಪುಣ್ಯಾತ್ಮ ಲೈನ್ ಬಂತಾ ನೋಡೋಣ ಅಂತ ಹಿಡಿ ತಿರುಗಿಸಿದ. ಆ ಹಿಡಿಗೆ ಸೇರಿದ ಮ್ಯಾಗ್ನೆಟೊ, ಅಂದರೆ ಗಂಟೆ ಬಾರಿಸೋ ಕರೆಂಟು ಹುಟ್ಟಿಸೋ ಯಂತ್ರ, ತಿರುಗಿಸಿದರೆ ಎಂಬತ್ತು ತೊಂಬತ್ತು ವೋಲ್ಟ್ ಬರ್ತದೆ. ಸಾಯಲ್ಲ, ಆದರೆ ಮೊಣಕೈವರೆಗೆ ಕುದುರೆ ಒದ್ದ ಹಾಗೆ. ಬೆಲ್ಟ್ ಇತ್ತು, ಜೋತಾಡಿದೆ. ಬಾಯಿ ಬಿಟ್ಟು ಕೂಗಿದ್ದಕ್ಕೆ ಗ್ಲೌಸ್ ಬಿದ್ದು ಗಾಳಿಗೆ ಹೋಯ್ತು. ಕೆಳಗಿದ್ದವರು ನಕ್ಕಿದ್ದೇ ನಕ್ಕಿದ್ದು. ಸಂಜೆ ಅದೇ ಫೋನಲ್ಲಿ ಅವನಿಗೆ ಕನ್ನಡದಲ್ಲೇ ಬೈದೆ. ಅವನು ಬಿಹಾರಿ, "ಜೀ ಸಾಬ್, ಜೀ ಸಾಬ್" ಅಂತಿದ್ದ.

---

ರೇಡಿಯೊ ಹುಚ್ಚ:

ದುಂದುವೆಚ್ಚ ಅಂದದ್ದು ವಾಪಸ್ ತಗೊಂಡೆ.

---

ಟ್ರಂಕ್ ತೆಗೆದವಳು:

ಸರ್, ನಿಮ್ಮ ಉತ್ತರ ಓದಿದ ಮೇಲೆ ಮುಂದಿನ ಪತ್ರಗಳನ್ನು ಮತ್ತೆ ತೆಗೆದೆ. "ಇಬ್ಬರು ಕೆಳಗೆ ಹೋದರು" ಆದ ಎಂಟು ದಿನಕ್ಕೆ ಒಂದು ಪತ್ರ ಇದೆ: "3 ಕಂಬ. ಜನ ಕಮ್ಮಿ." ಆಮೇಲೆ ಹನ್ನೆರಡು ದಿನ ಬಿಟ್ಟು ಇನ್ನೊಂದು. ನಾನು ಮೊದಲು ಓದಿದಾಗ ಇದರಲ್ಲಿ ಏನೂ ಇಲ್ಲ ಅಂತ ಪಕ್ಕಕ್ಕಿಟ್ಟಿದ್ದೆ. ಪೂರ್ತಿ ಬರೀತೀನಿ:

"ನಾನು ಕ್ಷೇಮ. ಕೆಳಗೆ ಹೋದವರಲ್ಲಿ ಒಬ್ಬ ವಾಪಸು ಬಂದ. ಇನ್ನೊಬ್ಬನ ಪೆಟ್ಟಿಗೆ ಕಟ್ಟಿ ಕಳಿಸಿದೆವು. ಅಮ್ಮನಿಗೆ ಕಾಲುನೋವು ಹೇಗಿದೆ? 5 ಕಂಬ."

ಇದನ್ನು ಅಜ್ಜಿಗೆ ಇನ್ನೂ ಓದಿ ಹೇಳಿಲ್ಲ. ಅವರು ಆಗಲೇ ಓದಿರ್ತಾರೆ, 1966ರಲ್ಲೇ. ಫೋಟೊ ಹಿಂದೆ ಏನೂ ಬರೆದಿಲ್ಲ. ಏಳು ಜನ ಇರೋದರಿಂದ ಅದು ಸೆಪ್ಟೆಂಬರಿಗೆ ಮುಂಚೆ ತೆಗೆದದ್ದು ಇರಬೇಕು ಅಲ್ವಾ?

---

ಡಿಟ್ ಹವಲ್ದಾರ್ (ನಿವೃತ್ತ):

ಇರಬಹುದು ಅಮ್ಮ. ಕಲ್ಲಿನ ಪಕ್ಕ ನೆರಳು ಕಡೆ ಹಿಮ ಉಳಿದಿದೆಯಾ ನೋಡಿ, ಇದ್ದರೆ ಜೂನ್ ಹತ್ತಿರ. ಪೆಟ್ಟಿಗೆ ಕಟ್ಟಿದ ವಾರದಲ್ಲಿ 5 ಕಂಬ ಅಂದರೆ ನಾನು ಮೊದಲು ಬಡಾಯಿ ಅಂದದ್ದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ. ಆ ಪಿಂಗಾಣಿ ಕಪ್ಪಿನ ಫೋಟೊ ಹಾಕಿ, ಮೇಲಿಂದ ಅಲ್ಲ, ಬೋರಲು ಮಾಡಿ ಒಳಗಡೆ ತಿರುಪು ಕಾಣೋ ಹಾಗೆ. ನಮ್ಮಲ್ಲಿ ಕೆಲವರು ಅದರೊಳಗೆ ಸೀಸದಕಡ್ಡಿಯಲ್ಲಿ ಹೆಸರು ಬರೆದು ಕೂರಿಸ್ತಿದ್ರು.